‘ಸಮಯವಿಲ್ಲ’ ಎಂಬುದು ನೆಪವಲ್ಲ

ನೌಕರಿಯಲ್ಲಿದ್ದುಕೊಂಡೇ ದೂರದ ಓಟಕ್ಕೆ ಮೈಯನ್ನು ಸಿದ್ಧಗೊಳಿಸಬೇಕೆಂದು ಹೊರಟವರಿಗೆ ನಮ್ಮ ಮಹಾನಗರಗಳಲ್ಲಿ ಮೊದಲು ದೊರೆಯುವುದು ಬೂಟಲ್ಲ, ಉಪದೇಶ. ‘ಸಮಯವಿಲ್ಲ ಎನ್ನುವುದು ಬರಿಯ ನೆಪ, ಮನಸ್ಸಿದ್ದರೆ ಮಾರ್ಗ’ ಎಂಬ ಮಾತು ಮುಂಬಯಿಯ ಮರೀನ್ ಡ್ರೈವಿನಲ್ಲೂ ದಿಲ್ಲಿಯ ನೆಹರೂ ಪಾರ್ಕಿನಲ್ಲೂ ಚೆನ್ನೈಯ ಮರೀನಾದಲ್ಲೂ ಒಂದೇ ದನಿಯಲ್ಲಿ ಕೇಳಿಬರುತ್ತದೆ. ಅದನ್ನು ಕೇಳಿದವರು ತಲೆದೂಗುತ್ತಾರೆ, ಅಲಾರಾಮನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸುತ್ತಾರೆ, ತಮ್ಮ ಸೋಮಾರಿತನಕ್ಕೆ ತಾವೇ ನಾಚುತ್ತಾರೆ. ಈ ಉಪದೇಶವು ಅರ್ಧಸತ್ಯವೆಂದೂ, ದೂರ ಹೆಚ್ಚಿದಂತೆ ಆ ಅರ್ಧವೂ ಕರಗಿಹೋಗುತ್ತದೆಂದೂ ನಾವು ಹೇಳಬಯಸುತ್ತೇವೆ.

ಉಪದೇಶದಲ್ಲಿರುವ ಸತ್ಯವನ್ನು ಮೊದಲು ಒಪ್ಪಿಬಿಡೋಣ. ಐದು ಕಿಲೋಮೀಟರು ಓಡಲು ಸಾಮಾನ್ಯ ದೇಹದ ಮಧ್ಯವಯಸ್ಕನಿಗೆ ನಲವತ್ತು ನಿಮಿಷ ಸಾಕು. ಮೊಬೈಲಿನ ಪರದೆಗೆ ನಾವು ನಿತ್ಯವೂ ಅರ್ಪಿಸುವ ಹೊತ್ತನ್ನು ನೆನೆದರೆ, ಆ ನಲವತ್ತು ನಿಮಿಷ ಇಲ್ಲವೆನ್ನುವವನ ಮಾತನ್ನು ನಂಬುವುದು ಕಷ್ಟ. ವಾರಕ್ಕೆ ಮೂರು ದಿನ ಐದೈದು ಕಿಲೋಮೀಟರಿನ ಮಟ್ಟಿಗೆ ‘ಮನಸ್ಸಿದ್ದರೆ ಮಾರ್ಗ’ ಎಂಬುದು ನಿಜವೇ. ಆದರೆ ಐದಕ್ಕೆ ಹೇಳಿದ ಮಾತನ್ನು ಇಪ್ಪತ್ತೊಂದಕ್ಕೂ, ಅಲ್ಲಿಂದ ನಲವತ್ತೆರಡಕ್ಕೂ ಹಾಗೆಯೇ ಎಳೆದೊಯ್ಯುವಲ್ಲಿ ಮೋಸವಿದೆ. ಮ್ಯಾರಥಾನೆಂದರೆ 42.195 ಕಿಲೋಮೀಟರು. ಅದರ ಸಿದ್ಧತೆಯು ಐದರ ಸಿದ್ಧತೆಯ ಎಂಟುಪಟ್ಟು ಉತ್ಸಾಹವಲ್ಲ. ಅದು ಬೇರೆಯೇ ಜಾತಿಯ ಕೆಲಸ.

ಏಕೆಂದರೆ ದೇಹಕ್ಕೆ ಉಪದೇಶ ತಿಳಿಯದು. ಸ್ನಾಯುಗಳಲ್ಲೂ ಯಕೃತ್ತಿನಲ್ಲೂ ಗ್ಲೈಕೋಜನ್ನಿನ ರೂಪದಲ್ಲಿ ಕೂಡಿಟ್ಟ ಸಕ್ಕರೆಯು ಬಹುಪಾಲು ಓಟಗಾರರಿಗೆ ಮೂವತ್ತು ಕಿಲೋಮೀಟರಿನ ಆಸುಪಾಸಿನಲ್ಲಿ ಬರಿದಾಗತೊಡಗುತ್ತದೆ. ಆಮೇಲಿನ ದಾರಿಯನ್ನು ಸವೆಸಬೇಕಾದರೆ ಕೊಬ್ಬನ್ನು ಉರಿಸುವ ಅಭ್ಯಾಸ ದೇಹಕ್ಕಾಗಿರಬೇಕು. ಅದಕ್ಕೆ ವಾರಕ್ಕೊಮ್ಮೆಯಾದರೂ ಬಹು ಹೊತ್ತು ನಿಧಾನವಾಗಿ ಓಡಿರಬೇಕು. ಹೃದಯವೂ ಶ್ವಾಸಕೋಶವೂ ಕೆಲವೇ ವಾರಗಳಲ್ಲಿ ಪಳಗುತ್ತವೆ. ಮೂಳೆ, ಸ್ನಾಯುರಜ್ಜುಗಳಿಗೆ ತಿಂಗಳುಗಳು ಬೇಕು. ಉಸಿರು ‘ಓಡು’ ಎನ್ನುವಾಗ ಮೊಣಕಾಲ ಕೆಳಗಿನ ಮೂಳೆ ‘ತಾಳು’ ಎನ್ನುತ್ತಿರುತ್ತದೆ. ಈ ಎರಡರ ನಡುವಿನ ಅಂತರದಲ್ಲಿಯೇ ಹೆಚ್ಚಿನ ಗಾಯಗಳು ಹುಟ್ಟುತ್ತವೆ. ಓಟ ಕೆಡವಿದ್ದನ್ನು ವಿಶ್ರಾಂತಿ ಕಟ್ಟುತ್ತದೆ. ಆದುದರಿಂದ ದೂರದ ಓಟದ ನಿಜವಾದ ಬೆಲೆಯು ಓಡಿದ ಗಂಟೆಗಳು ಮಾತ್ರವಲ್ಲ, ಅದಕ್ಕಾಗಿ ಮಲಗಿದ ಗಂಟೆಗಳೂ ಹೌದು.

ಈ ಬೆಲೆಯನ್ನು ಲೆಕ್ಕದಲ್ಲಿಟ್ಟು ನೋಡೋಣ. ಕಿಲೋಮೀಟರಿಗೆ ಏಳು ನಿಮಿಷದ ವೇಗದಲ್ಲಿ ವಾರಕ್ಕೆ 50 ಕಿಲೋಮೀಟರು ಓಡುವವನಿಗೆ 350 ನಿಮಿಷ, ಎಂದರೆ ಸುಮಾರು ಆರು ಗಂಟೆ ಬೇಕು. ಇದರಲ್ಲಿ ಭಾನುವಾರದ 30 ಕಿಲೋಮೀಟರೊಂದೇ 210 ನಿಮಿಷ, ಮೂರೂವರೆ ಗಂಟೆ. ಮೈಬಿಸಿ ಮಾಡಿಕೊಳ್ಳುವುದು, ಮೈದಾನಕ್ಕೆ ಹೋಗಿಬರುವುದು, ಸ್ನಾನ, ಆಮೇಲೆ ಕಾಲು ಚಾಚಿ ಒರಗುವುದು ಇವೆಲ್ಲ ಸೇರಿದರೆ ಅಂದಿನ ಮಧ್ಯಾಹ್ನದವರೆಗಿನ ಹೊತ್ತು ಮುಗಿಯಿತು. ಉಪದೇಶಕರ ಲೆಕ್ಕ ಇದಕ್ಕಿಂತ ಸರಳ: ವಾರದಲ್ಲಿ 168 ಗಂಟೆ, ಕಚೇರಿಗೆ ನಲವತ್ತೆರಡೂವರೆ, ನಿದ್ರೆಗೆ ನಲವತ್ತೊಂಬತ್ತು, ರೈಲಿಗೆ ಹದಿನೈದು ಕಳೆದರೂ ಅರವತ್ತೊಂದೂವರೆ ಗಂಟೆ ಉಳಿಯುತ್ತದೆ, ಅದರಲ್ಲಿ ಆರು ಗಂಟೆ ಸಿಗದೇ?

ಕಳೆಯುವ ಲೆಕ್ಕದಲ್ಲಿ ತಪ್ಪಿಲ್ಲ. ಆದರೆ ಉಳಿದ ಗಂಟೆಗಳಿಗೆಲ್ಲ ಒಡೆಯರಿದ್ದಾರೆ. ಅಡುಗೆ, ಪಾತ್ರೆ, ಬಟ್ಟೆ, ಮಕ್ಕಳ ಪಾಠ, ಊರಿನಿಂದ ಬಂದ ವೃದ್ಧ ತಾಯಿಯ ಔಷಧಿ, ರೇಷನ್ನು, ಬ್ಯಾಂಕು ಇವೆಲ್ಲವೂ ಆ ಅರವತ್ತೊಂದರೊಳಗೇ ಇವೆ. ಅಲ್ಲದೆ ಉಳಿದ ಗಂಟೆಗಳೆಲ್ಲ ಓಡಬಲ್ಲ ಗಂಟೆಗಳೂ ಅಲ್ಲ. ಮುಂಬಯಿಯ ದೊಡ್ಡ ಮ್ಯಾರಥಾನು ನಡೆಯುವುದು ಜನವರಿಯಲ್ಲಿ. ಅದರ ಸಿದ್ಧತೆಯು ಮಳೆಗಾಲದ ಕೆಸರಿನಲ್ಲಿ ಮೊದಲಾಗಿ ಅಕ್ಟೋಬರಿನ ಉರಿಬಿಸಿಲನ್ನು ಹಾದು ಬರಬೇಕು. ಚೆನ್ನೈಯಲ್ಲಿ ಬೆಳಗಿನ ಏಳಕ್ಕೆಲ್ಲ ಬಿಸಿಲು ಬೆನ್ನಿಗೇರುತ್ತದೆ. ಚಳಿಗಾಲದ ದಿಲ್ಲಿಯಲ್ಲಿ ಹವೆ ತಂಪಾಗುವ ಹೊತ್ತಿಗೇ ಗಾಳಿ ಕೆಡುತ್ತದೆ. ಓಡಬಲ್ಲ ಹೊತ್ತೆಂದರೆ ಬಹುಮಟ್ಟಿಗೆ ನಸುಕಿನ ಎರಡು ಗಂಟೆ ಮಾತ್ರ. ಮನೆಗಳಲ್ಲಿ ಹಾಲು ಕಾಯಿಸಿ ಡಬ್ಬಿ ಕಟ್ಟುವ ಹೊತ್ತೂ ಅದೇ.

ಹಾಲು ಕಾಯಿಸುವವರು ಯಾರು? ನಮ್ಮ ವಾದದ ತಿರುಳು ಇಲ್ಲಿದೆ. 2019ರಲ್ಲಿ ರಾಷ್ಟ್ರೀಯ ಸಾಂಖ್ಯಿಕ ಕಚೇರಿಯು ನಡೆಸಿದ ಸಮಯ ಬಳಕೆಯ ಸಮೀಕ್ಷೆಯ ಪ್ರಕಾರ, ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗುವ ಹೆಣ್ಣು ಅದಕ್ಕೆ ದಿನಕ್ಕೆ ಸರಾಸರಿ 299 ನಿಮಿಷ ಕೊಡುತ್ತಾಳೆ. ತೊಡಗುವ ಗಂಡು ಕೊಡುವುದು 97 ನಿಮಿಷ. ಕೈಯನ್ನೇ ಹಾಕದ ಗಂಡಸರು ಈ ಸರಾಸರಿಯೊಳಗಿಲ್ಲ. ಈ ಎರಡು ಅಂಕಿಗಳ ನಡುವಿನ 202 ನಿಮಿಷವನ್ನು ಭಾನುವಾರದ ಮೂವತ್ತು ಕಿಲೋಮೀಟರಿನ 210 ನಿಮಿಷದ ಪಕ್ಕದಲ್ಲಿಟ್ಟು ನೋಡಿ. ಗಂಡಸು ತನ್ನ ‘ಶಿಸ್ತಿನಿಂದ’ ಗಳಿಸಿದೆನೆಂದು ಎದೆಯುಬ್ಬಿಸುವ ಹೊತ್ತು ಬಹುತೇಕ ಇನ್ನೊಬ್ಬರ ಕೈಯಿಂದ ಬಂದದ್ದು. ಅವನ ಕೊರಳಿನ ಪದಕದ ಹಿಂಬದಿಯಲ್ಲಿ ಕೆತ್ತದೆ ಉಳಿದ ಹೆಸರೊಂದಿದೆ. ಅದೇ ಮನೆಯ ಹೆಣ್ಣು, ಅದೇ ಹೊತ್ತಿನ ನೌಕರಿಯಲ್ಲಿದ್ದು, ಭಾನುವಾರ ಮೂರೂವರೆ ಗಂಟೆ ಹೊರಗಿರುತ್ತೇನೆಂದರೆ ಆಗ ‘ಮನಸ್ಸಿದ್ದರೆ ಮಾರ್ಗ’ ಎನ್ನುವ ನಾಲಗೆ ಎಷ್ಟು ಮನೆಗಳಲ್ಲಿ ಹೊರಳುತ್ತದೆ? ಒಲಿಂಪಿಕ್ಸಿನಲ್ಲಿ ಮಹಿಳೆಯರಿಗೆ ಮ್ಯಾರಥಾನು ದೊರೆತದ್ದೇ 1984ರಲ್ಲಿ, ಲಾಸ್ ಏಂಜಲೀಸಿನಲ್ಲಿ. ಅಲ್ಲಿಯವರೆಗೆ ಅವರ ದೇಹದ ಸಾಮರ್ಥ್ಯವನ್ನೇ ಸಂದೇಹಿಸಲಾಗುತ್ತಿತ್ತು. ಈಗ ದೇಹದ ಪ್ರಶ್ನೆ ಮುಗಿದಿದೆ, ಹೊತ್ತಿನ ಪ್ರಶ್ನೆ ಹಾಗೆಯೇ ಉಳಿದಿದೆ.

ಇನ್ನೊಬ್ಬರ ಕೈಯಿಂದ ಹೊತ್ತು ತೆಗೆದುಕೊಳ್ಳದ ಪ್ರಾಮಾಣಿಕರು ಅದನ್ನು ತಮ್ಮ ನಿದ್ರೆಯಿಂದ ತೆಗೆಯುತ್ತಾರೆ. ಇದನ್ನು ಉಪದೇಶಕರು ತ್ಯಾಗವೆಂದು ಕೊಂಡಾಡುತ್ತಾರೆ. ಹನ್ನೊಂದಕ್ಕೆ ಮಲಗಿ ನಾಲ್ಕಕ್ಕೆ ಎದ್ದು ಓಡಿ, ಎಂಟಕ್ಕೆ ಲೋಕಲಿನಲ್ಲಿ ನಿಂತು, ಒಂಬತ್ತಕ್ಕೆ ಬೆರಳಚ್ಚು ಒತ್ತಿ ಹಾಜರಿ ಹಾಕುವವನನ್ನು ವೀರನೆಂದು ಕರೆಯುವುದು ಸುಲಭ. ಆದರೆ ಅಭ್ಯಾಸದ ಫಲವು ಕಟ್ಟಿಕೊಳ್ಳುವುದು ಯಾವ ನಿದ್ರೆಯಲ್ಲೋ ಆ ನಿದ್ರೆಯನ್ನೇ ಕಡಿದು ಅಭ್ಯಾಸವನ್ನು ಹೆಚ್ಚಿಸುವುದು, ಬಿತ್ತನೆಯ ಬೀಜವನ್ನು ಬೇಯಿಸಿ ಉಂಡು ಹೊಲವನ್ನು ದೊಡ್ಡದು ಮಾಡಿದಂತೆ. ಮೂರು ತಿಂಗಳಲ್ಲಿ ಫಲ ಕಾಣುತ್ತದೆ: ಮಾಗದ ನೋವು, ಬಿಡದ ನೆಗಡಿ, ಮಧ್ಯಾಹ್ನದ ಕಡತದ ಮೇಲೆ ಬಾಗುವ ತಲೆ. ಆಗ ಅದೇ ಉಪದೇಶಕರು ‘ನಿಮ್ಮಲ್ಲಿ ಶಿಸ್ತು ಸಾಲದು’ ಎನ್ನುತ್ತಾರೆ.

ಇಷ್ಟು ಹೇಳಿದರೆ ಅವರು ದೊಡ್ಡ ಹೆಸರುಗಳನ್ನು ಮುಂದಿಡುತ್ತಾರೆ. ಜಪಾನಿನ ಯುಕಿ ಕವಾವುಚಿ ಸೈತಾಮಾ ಪ್ರಾಂತದ ಸರಕಾರಿ ನೌಕರರಾಗಿದ್ದುಕೊಂಡೇ 2018ರಲ್ಲಿ ಸುರಿಮಳೆಯಲ್ಲಿ ಬಾಸ್ಟನ್ ಮ್ಯಾರಥಾನನ್ನು 2 ಗಂಟೆ 15 ನಿಮಿಷ 58 ಸೆಕೆಂಡುಗಳಲ್ಲಿ ಗೆಲ್ಲಲಿಲ್ಲವೇ? ಗೆದ್ದರು, ಆ ಗೆಲುವಿಗೆ ನಾವೂ ಕೈಮುಗಿಯುತ್ತೇವೆ. ಆದರೆ ಅವರ ಕೆಲಸವು ಶಾಲೆಯೊಂದರಲ್ಲಿ ಮಧ್ಯಾಹ್ನ ಮೊದಲಾಗಿ ರಾತ್ರಿಗೆ ಮುಗಿಯುತ್ತಿತ್ತು. ಬೆಳಗಿನ ಹೊತ್ತು ಅವರದಾಗಿತ್ತು. ಮರುವರ್ಷವೇ ಅವರು ಆ ನೌಕರಿಯನ್ನು ಬಿಟ್ಟು ವೃತ್ತಿಪರ ಓಟಗಾರರಾದರು. ಇಂಗ್ಲೆಂಡಿನ ರಾನ್ ಹಿಲ್ ಜವಳಿ ರಸಾಯನಶಾಸ್ತ್ರಜ್ಞರಾಗಿ ದುಡಿಯುತ್ತಲೇ 1970ರಲ್ಲಿ ಬಾಸ್ಟನ್ನಿನಲ್ಲಿ ಗೆದ್ದವರು. ಕೆಲಸಕ್ಕೆ ಹೋಗುವುದನ್ನೂ ಬರುವುದನ್ನೂ ಓಟವಾಗಿಸಿಕೊಂಡವರು. ಡೊಂಬಿವಲಿಯಲ್ಲಿರುವ ನಮ್ಮ ಕನ್ನಡಿಗರಿಗೆ ಈ ಉಪಾಯವನ್ನು ಹೇಳಿ ನೋಡಿ. ಅಲ್ಲಿಂದ ಛತ್ರಪತಿ ಶಿವಾಜಿ ಮಹಾರಾಜ ಟರ್ಮಿನಸ್ಸಿಗೆ ಸುಮಾರು 48 ಕಿಲೋಮೀಟರು. ಕಚೇರಿಯನ್ನು ಮುಟ್ಟುವಷ್ಟರಲ್ಲಿ ಒಂದು ಮ್ಯಾರಥಾನು ಮುಗಿದು ಇನ್ನೂ ಆರು ಕಿಲೋಮೀಟರು ಮಿಕ್ಕಿರುತ್ತದೆ. ನಮ್ಮವರೇ ಆದ ಶಿವನಾಥ ಸಿಂಗ್ 1978ರಲ್ಲಿ ಜಾಲಂಧರಿನಲ್ಲಿ 2 ಗಂಟೆ 12 ನಿಮಿಷದ ರಾಷ್ಟ್ರೀಯ ದಾಖಲೆ ಬರೆದವರು, ಅವರು ಸೈನ್ಯದಲ್ಲಿದ್ದರು. ನಮ್ಮ ದೇಶದಲ್ಲಿ ಸೈನ್ಯ, ರೈಲ್ವೆ, ಪೊಲೀಸು ಪಡೆಗಳು ಎಷ್ಟೋ ಓಟಗಾರರನ್ನು ಬೆಳೆಸಿದ್ದು ಅಭ್ಯಾಸಕ್ಕೆ ಹೊತ್ತನ್ನೂ ಊಟವನ್ನೂ ಮೈದಾನವನ್ನೂ ಕೊಟ್ಟು. ಈ ಮೂವರ ಜೀವನವೂ ಒಂದೇ ಪಾಠವನ್ನು ಹೇಳುತ್ತದೆ: ಮನಸ್ಸು ಎಲ್ಲರಲ್ಲೂ ಇತ್ತು, ಜೊತೆಗೆ ಹೊತ್ತೂ ಇತ್ತು.

ಉದ್ಯೋಗದಾತರ ವಿಷಯಕ್ಕೆ ಬರೋಣ. ಇಂಗ್ಲಿಷ್ ಸಾಹಿತ್ಯ ಓದಿದವರಿಗೆ ಅಲನ್ ಸಿಲಿಟೋ 1959ರಲ್ಲಿ ಪ್ರಕಟಿಸಿದ ದೂರದ ಓಟಗಾರನ ಒಂಟಿತನದ ಕಥೆ ನೆನಪಿರಬಹುದು. ಅದರ ಶೀರ್ಷಿಕೆಯನ್ನು ಓಟಗಾರರು ರಮ್ಯವಾದ ಏಕಾಂತದ ಮಂತ್ರವೆಂಬಂತೆ ಬಳಸುತ್ತಾರೆ. ಕಥೆಯನ್ನು ಓದಿದವರು ಕಡಿಮೆ. ಅದರ ನಾಯಕ ಸುಧಾರಣಾ ಶಾಲೆಯ ಕೈದಿ ಹುಡುಗ. ಅವನಿಗೆ ನಸುಕಿನಲ್ಲಿ ಹೊರಗೆ ಓಡಲು ಬಿಡುವುದು ಅಧಿಕಾರಿಗೆ ಕಪ್ಪು ಬೇಕಾಗಿದೆಯೆಂದು. ಓಡುವ ಕಾಲು ಹುಡುಗನದು, ಓಡುವ ಹೊತ್ತು ಅಧಿಕಾರಿಯದು. ಇದನ್ನರಿತ ಹುಡುಗ ಗೆಲುವಿನ ಗೆರೆಯ ಹತ್ತಿರ ಬೇಕೆಂದೇ ನಿಂತುಬಿಡುತ್ತಾನೆ. ಇಂದು ನೌಕರರಿಗೆ ಬಣ್ಣದ ಅಂಗಿ ಹಂಚಿ ಸಂಸ್ಥೆಯ ಹೆಸರಿನಲ್ಲಿ ಓಡಿಸುವ ಎಷ್ಟು ಕಡೆ, ದೂರದ ಓಟದ ಮರುದಿನ ಒಂದು ಗಂಟೆ ತಡವಾಗಿ ಬರಲು ಒಪ್ಪಿಗೆಯಿದೆ? ಎಷ್ಟು ಕಟ್ಟಡಗಳಲ್ಲಿ ನೌಕರರಿಗೊಂದು ಸ್ನಾನದ ಕೋಣೆಯಿದೆ? ಆರೋಗ್ಯದ ಘೋಷಣೆ ಸಂಸ್ಥೆಯದು, ಹೊತ್ತಿನ ಖರ್ಚು ನೌಕರನ ಮನೆಯದು.

ಹೊರನಾಡ ಕನ್ನಡಿಗರಾದ ನಮಗೆ ಈ ವಿಷಯ ಹೊಸದಲ್ಲ. ಕರಾವಳಿಯಿಂದ ಮುಂಬಯಿಗೆ ಬಂದು ಹಗಲೆಲ್ಲ ಹೋಟೆಲುಗಳಲ್ಲಿ ದುಡಿದು ಕನ್ನಡ ರಾತ್ರಿಶಾಲೆಗಳಲ್ಲಿ ಓದಿದ ಹುಡುಗರ ಕಥೆಗಳನ್ನು ನಾವು ಅಭಿಮಾನದಿಂದ ಹೇಳಿಕೊಳ್ಳುತ್ತೇವೆ. ಹೇಳುವಾಗ ಅವರ ಛಲವನ್ನೇ ಎತ್ತಿ ಆಡುತ್ತೇವೆ. ಛಲ ಇತ್ತು, ನಿಜ. ಆದರೆ ಆ ಹುಡುಗನಿಗೆ ‘ಮನಸ್ಸಿದ್ದರೆ ಮಾರ್ಗ’ ಎಂದು ಹೇಳಿ ಸಮಾಜವು ಸುಮ್ಮನೆ ಕೂತಿದ್ದರೆ ಅವನು ಓದುತ್ತಿರಲಿಲ್ಲ. ಯಾರೋ ಕೋಣೆ ಹೊಂದಿಸಿದರು, ದೀಪಕ್ಕೆ ಹಣ ಕೂಡಿಸಿದರು. ಹಗಲು ಪಾಠ ಹೇಳಿ ದಣಿದ ಮೇಷ್ಟ್ರು ರಾತ್ರಿಯೂ ಹಲಗೆಯ ಮುಂದೆ ನಿಂತರು. ಕೆಲವು ಮಾಲೀಕರಾದರೂ ಹುಡುಗನನ್ನು ಹೊತ್ತಿಗೆ ಸರಿಯಾಗಿ ಬಿಟ್ಟುಕೊಟ್ಟರು. ಹಿರಿಯರು ಹುಡುಗನನ್ನು ಬೈಯುವ ಬದಲು ಹೊತ್ತನ್ನು ಕಟ್ಟಿಕೊಟ್ಟರು. ಓದಿನ ವಿಷಯದಲ್ಲಿ ನಮ್ಮ ಸಂಘಗಳಿಗೆ ತಿಳಿದಿದ್ದ ಈ ವಿವೇಕ ಮೈಯ ವಿಷಯದಲ್ಲಿ ಏಕೆ ಮರೆತುಹೋಗಬೇಕು?

ಹಾಗಾದರೆ ನೌಕರಿಯವರು ದೂರದ ಓಟವನ್ನು ಬಿಟ್ಟುಬಿಡಬೇಕೇ ಎಂದು ಕೇಳಬಹುದು. ಬಿಡಬೇಕಾಗಿಲ್ಲ. ಮೊದಲನೆಯದಾಗಿ, ವಾರವನ್ನು ಹಿಗ್ಗಿಸಲಾಗದವರು ವರ್ಷವನ್ನು ಹಿಗ್ಗಿಸಬೇಕು. ಪುಸ್ತಕಗಳಲ್ಲಿ ಅಚ್ಚಾಗುವ ಹದಿನಾರು, ಹದಿನೆಂಟು ವಾರಗಳ ಯೋಜನೆಗಳು ಯಾರ ಮೇಲೂ ಬಂದ ಶಾಸನವಲ್ಲ. ಹತ್ತು ಕಿಲೋಮೀಟರಿನಲ್ಲಿ ಒಂದು ವರ್ಷ, ಅರ್ಧ ಮ್ಯಾರಥಾನಿನಲ್ಲಿ ಎರಡು ವರ್ಷ ನಿಂತರೆ ಮೂಳೆ ಬಲಿಯುತ್ತದೆ, ಮನೆಯೂ ಉಳಿಯುತ್ತದೆ. ಹತ್ತರಲ್ಲಿಯೇ ಶಾಶ್ವತವಾಗಿ ನಿಂತವನನ್ನು ಅರ್ಧಕ್ಕೆ ಬಿಟ್ಟವನೆಂದು ನೋಡುವ ಚಾಳಿ ತೊಲಗಬೇಕು. ಎರಡನೆಯದಾಗಿ, ಭಾನುವಾರ ಮೂರೂವರೆ ಗಂಟೆ ಹೊರಗಿರುವವನು ಅದೇ ವಾರ ಮೂರೂವರೆ ಗಂಟೆಯ ಮನೆಗೆಲಸವನ್ನು ತನ್ನ ಹೆಸರಿಗೆ ಬರೆದುಕೊಳ್ಳಬೇಕು. ಕೃತಜ್ಞತೆಯ ಮಾತಿನಿಂದ ಈ ಸಾಲ ತೀರದು. ಮೂರನೆಯದಾಗಿ, ನಿದ್ರೆ ಕಡಿಮೆಯಾದ ದಿನ ಓಟವೂ ಕಡಿಮೆಯಾಗಬೇಕು. ನಾಲ್ಕನೆಯದಾಗಿ, ನಮ್ಮ ಕನ್ನಡ ಸಂಘಗಳು ವಾರ್ಷಿಕೋತ್ಸವದ ಓಟಕ್ಕೆ ಪದಕ ಹಂಚುವುದರ ಜೊತೆಗೆ ಓಡುವ ತಾಯಂದಿರ ಮಕ್ಕಳನ್ನು ಆ ಬೆಳಗು ನೋಡಿಕೊಳ್ಳುವ ಸರದಿಯನ್ನು ಏರ್ಪಡಿಸಲಿ. ನಗರಪಾಲಿಕೆಗಳಲ್ಲಿ ನಸುಕಿಗೆ ತೆರೆಯುವ ಮೈದಾನವನ್ನೂ ಉರಿಯುವ ಬೀದಿದೀಪವನ್ನೂ ಹೆಂಗಸರಿಗೆ ಭಯವಿಲ್ಲದ ಹಾದಿಯನ್ನೂ ಕೇಳಲಿ.

ಇವುಗಳಲ್ಲಿ ಯಾವುದೂ ಅಸಾಧ್ಯವಲ್ಲ, ಯಾವುದೂ ಅಂಗಿಯ ಮೇಲೆ ಅಚ್ಚು ಹಾಕಿಸುವಷ್ಟು ರೋಚಕವೂ ಅಲ್ಲ. ಹೊತ್ತು ಎಂಬುದು ಗಾಳಿಯಂತೆ ಎಲ್ಲರಿಗೂ ಸಮನಾಗಿ ಹಂಚಿಬಂದ ವಸ್ತುವಲ್ಲ. ಅದು ಸಂಬಳದಂತೆ, ನೀರಿನ ನಲ್ಲಿಯಂತೆ, ಕೆಲವರಿಗೆ ಹೆಚ್ಚು ಕೆಲವರಿಗೆ ಕಡಿಮೆ. ‘ಸಮಯವಿಲ್ಲ’ ಎಂದು ಒಬ್ಬಾಕೆ ಹೇಳಿದಾಗ ಅದನ್ನು ನೆಪವೆಂದು ತಳ್ಳಿಹಾಕುವ ಮುನ್ನ, ಆಕೆಯ ಹೊತ್ತು ಎಲ್ಲಿ ಹೋಗಿದೆಯೆಂದು ಕೇಳಿ ನೋಡೋಣ. ಎಷ್ಟೋ ಸಲ ಅದು ನಮ್ಮ ಕಾಲಲ್ಲೇ ಓಡುತ್ತಿರುತ್ತದೆ.