ಮೊದಲ ಸುತ್ತಿನ ಹುಡುಗ
ಸ್ವಿಸ್ ಪದ್ಧತಿಯ ಚೆಸ್ ಟೂರ್ನಿಗಳಲ್ಲಿ ಮೊದಲ ಸುತ್ತಿಗೆ ಪಟ್ಟಿಯ ಮೇಲಿನ ಅರ್ಧದವರಿಗೆ ಕೆಳಗಿನ ಅರ್ಧದವರೇ ಜೋಡಿ. ನನ್ನ ರೇಟಿಂಗ್ 1500, ಎದುರು ಕೂತ ಪುಟ್ಟ ಹುಡುಗನದು 2100. ಎಲೋ ಲೆಕ್ಕದಲ್ಲಿ ಇಂಥ ನೂರು ಆಟಕ್ಕೆ ನನಗೆ ಸಿಗೋದು ಮೂರೇ ಅಂಕ!

22ನೇ ನಡೆಗೆ ಕುದುರೆ ಹೋಯ್ತು. ಎದ್ದುಬಿಡೋಣ ಅನ್ನಿಸಿತು. ಆದ್ರೆ ಮನ್ನಾಏಖೇಳ್ಳಿಯ ಕಟ್ಟೆ ಮೇಲೆ ಆಟ ಕಲಿಸಿದ ಅಪ್ಪ, ನಾನು ಕಾಯಿ ಕೆಡವಿದಾಗೆಲ್ಲ ‘ಕೂಡು, ರಾಜಾ ಇನ್ನಾ ಅದಾನ’ ಅಂತಿದ್ರು. ಕೂತೆ. 58ನೇ ನಡೆಗೆ ಚೆಕ್‌ಮೇಟ್.

ಹುಡುಗ ಕೈಕುಲುಕಿ, ಕಾಯಿಗಳನ್ನ ಹಿಂದಿನ ಸ್ಥಿತಿಗೆ ಜೋಡಿಸಿದ. ‘ಅಂಕಲ್, ಇಲ್ಲಿ ಕ್ವೀನಿಂದ ಚೆಕ್ ಕೊಡ್ತಾನೇ ಇದ್ದಿದ್ರೆ ಡ್ರಾ. ನಂಗೆ ಭಯ ಆಗಿತ್ತು.’ ನಾನೋ, ಅವನ ರೇಟಿಂಗ್‌ಗೆ ಹೆದರಿ ನನ್ನ ರಾಜನನ್ನೇ ಕಾಯ್ತಾ ಕೂತಿದ್ದೆ.

ರಾತ್ರಿ ಊರಿಗೆ ಫೋನ್ ಮಾಡಿದೆ. ಸೋತದ್ದನ್ನ ಅಪ್ಪ ಕೇಳಿಸ್ಕೊಳ್ಳಲೇ ಇಲ್ಲ. ಕ್ವೀನ್ ಅವರಿಗೆ ಈಗಲೂ ವಜೀರ.

‘ತಡಿ, ಕಾಯಿ ಇಡ್ತೀನಿ. ವಜೀರ ಯಾವ ಮನ್ಯಾಗಿತ್ತು?’