ಸಹಿಗೆ ಮುನ್ನ ಕನ್ನಡದಲ್ಲಿ ವಿವರಿಸಲಿ

ಷೇರು ದಲ್ಲಾಳಿ ಸಂಸ್ಥೆಗೆ ಹಣ ಕಳಿಸುವ ಮುನ್ನ ಅದರ ಖಾತೆ ಅಸಲಿಯೇ ಎಂದು ಗ್ರಾಹಕರೇ ಪರೀಕ್ಷಿಸಲು ಷೇರು ಮಾರುಕಟ್ಟೆ ನಿಯಂತ್ರಕ ಸೆಬಿ 2025ರ ಅಕ್ಟೋಬರ್‌ನಲ್ಲಿ ‘ಸೆಬಿ ಚೆಕ್’ ಸೌಲಭ್ಯ ತಂದಿರುವುದು ಸ್ವಾಗತಾರ್ಹ. ಆದರೆ ಅದು ನಕಲಿ ಖಾತೆಯನ್ನಷ್ಟೇ ತಡೆದೀತು. ನೋಂದಾಯಿತ ಸಂಸ್ಥೆಯೇ ನಂಬಿಕೆ ಮುರಿದರೆ? ಹೈದರಾಬಾದಿನ ಷೇರು ದಲ್ಲಾಳಿ ಸಂಸ್ಥೆ ಕಾರ್ವಿ, ಗ್ರಾಹಕರು ಕೊಟ್ಟಿದ್ದ ಪವರ್ ಆಫ್ ಅಟಾರ್ನಿ ಎಂಬ ಅಧಿಕಾರ ಪತ್ರವನ್ನು ದುರ್ಬಳಕೆ ಮಾಡಿ ಅವರ ಷೇರುಗಳನ್ನೇ ಅಡವಿಟ್ಟಿದ್ದನ್ನು ಸೆಬಿ 2019ರಲ್ಲಿ ಬಯಲಿಗೆಳೆದಿತ್ತು.

ಹೀಗಿರುವಾಗ, ಹತ್ತಿ, ತೊಗರಿಯ ದುಡ್ಡು ಕೈಸೇರುವ ಹೊತ್ತಿಗೆ ಯಾದಗಿರಿ, ಶಹಾಪುರ, ಸುರಪುರದ ರೈತನ ಮುಂದೆ ಷೇರು ಖಾತೆಯ ಸಣ್ಣಕ್ಷರದ ಇಂಗ್ಲಿಷ್ ಅರ್ಜಿ ಇಟ್ಟು, ಪೆನ್ಸಿಲ್ ಗುರುತು ಇದ್ದಲ್ಲೆಲ್ಲ ಸಹಿ ಮಾಡಿಸಿಕೊಳ್ಳುವುದು ಒಪ್ಪಿಗೆ ಎನಿಸದು. ಷೇರು ಮಾರುವ, ಅಡವಿಡುವ ಅಧಿಕಾರ ಯಾರಿಗೆ ಹೋಗುತ್ತದೆ, ದಲ್ಲಾಳಿ ಶುಲ್ಕ ಎಷ್ಟು, ಸಲಹೆಗಾರನ ಕಮಿಷನ್ ಎಷ್ಟು ಎಂಬುದನ್ನು ಕನ್ನಡದಲ್ಲಿ ಓದಿ ಹೇಳಿದ ಬಳಿಕವೇ ಸಹಿ ಪಡೆಯುವುದನ್ನು ಸೆಬಿ ಕಡ್ಡಾಯಗೊಳಿಸಬೇಕು.