ಹದ ಹಾಕದ ಹಲಗೆ

ಮಹಾನಿರ್ದೇಶಕರು
ಭಾರತೀಯ ಮಾನಕ ಬ್ಯೂರೊ, ಮಾನಕ ಭವನ, ನವದೆಹಲಿ



ನನ್ನ ಮೇಜಿನ ಮೇಲೆ ಒಂದು ಸ್ಕೂಟರ್ ಎರಡು ತುಂಡಾಗಿ ಬಿದ್ದಿದೆ. ಪೆಟ್ರೋಲಿನದ್ದಲ್ಲ, ಮಕ್ಕಳು ಒಂದು ಕಾಲಿಟ್ಟು ಇನ್ನೊಂದರಲ್ಲಿ ನೆಲ ಒದ್ದು ಓಡಿಸುವಂಥದ್ದು. ಅದರಲ್ಲೂ ಮಡಚಲು ಬಾರದ, ಹಾರಿಸಿ ತಿರುಗಿಸಿ ಇಳಿಸುವ ಸ್ಟಂಟ್ ಸ್ಕೂಟರ್. ಮಗಳ ಮಗನದ್ದು. ಅವನಿಗೆ ಹನ್ನೆರಡು ವರ್ಷ, ತೂಕ 42 ಕೆ.ಜಿ. ಮಂಗಳೂರಿನ ಬಿಜೈಯ ನಮ್ಮ ಫ್ಲ್ಯಾಟಿನ ಪಾರ್ಕಿಂಗಿನಲ್ಲಿ ಮೂರು ಮೆಟ್ಟಿಲು ಹಾರಿ ಇಳಿದ. ಡೆಕ್, ಅಂದರೆ ಕಾಲಿಡುವ ಹಲಗೆ, ಹಿಡಿಕೆಯ ಕಂಬಕ್ಕೆ ಬೆಸೆದ ಕತ್ತಿನ ಹತ್ತಿರ ಕಡಿದುಹೋಯಿತು. ಗಲ್ಲಕ್ಕೆ ನಾಲ್ಕು ಹೊಲಿಗೆ. ಸ್ಕೂಟರ್ ತಂದು ಐದು ತಿಂಗಳೂ ಆಗಿರಲಿಲ್ಲ.

ಹುಡುಗರು ಹಾರುತ್ತಾರೆ, ಬೀಳುತ್ತಾರೆ. ಅಷ್ಟಕ್ಕೆ ದೆಹಲಿಗೆ ಕಾಗದ ಬರೆಯುವವನಲ್ಲ ನಾನು. ಆದರೆ ಮೂವತ್ತು ವರ್ಷ ಪಾಲಿಟೆಕ್ನಿಕ್ಕಿನ ವರ್ಕ್‌ಶಾಪಿನಲ್ಲಿ ಪಾಠ ಹೇಳಿದವನ ಕಣ್ಣು ಮೊದಲು ಹೋಗುವುದೇ ಮುರಿದ ಜಾಗಕ್ಕೆ. (ಹುಡುಗನನ್ನು ಬಿಟ್ಟು ಸ್ಕೂಟರ್ ಎತ್ತಿಕೊಂಡದ್ದಕ್ಕೆ ಹೆಂಡತಿಯಿಂದ ಬೈಸಿಕೊಂಡದ್ದೂ ಆಯಿತು.) ಮುರಿದ ಮುಖದಲ್ಲಿ ಎರಡು ಬಣ್ಣ ಇತ್ತು. ಮೇಲಿನ ಭಾಗ ಆಗತಾನೆ ಹರಿದದ್ದು, ಸಕ್ಕರೆಯ ಹಾಗೆ ಹೊಳೆಯುತ್ತಿತ್ತು. ಕೆಳಗಿನ ಮುಕ್ಕಾಲು ಪಾಲು ಮಂಕು ಬೂದು. ಅದರಲ್ಲಿ ಒಂದರ ಹಿಂದೆ ಒಂದರಂತೆ ಬಾಗಿದ ಸಣ್ಣ ಗೆರೆಗಳು, ಪಣಂಬೂರಿನ ಮರಳಿನ ಮೇಲೆ ಅಲೆ ಬಿಟ್ಟುಹೋದ ಹಾಗೆ. ನಮ್ಮ ಪಠ್ಯಪುಸ್ತಕಗಳಲ್ಲೂ ಇದಕ್ಕೆ ಬೀಚ್ ಮಾರ್ಕ್ ಎಂದೇ ಹೆಸರು. ಸೀಳು ಒಂದೇ ಹೊಡೆತಕ್ಕೆ ಹುಟ್ಟಿದ್ದಲ್ಲ, ಪ್ರತಿ ಹಾರಾಟಕ್ಕೂ ಕೂದಲೆಳೆಯಷ್ಟು ಮುಂದೆ ಹೋಗಿದೆ ಎಂಬುದರ ಗುರುತು ಅದು. ಎಷ್ಟೋ ದಿನಗಳಿಂದ ಹುಡುಗ ಅರ್ಧ ಮುರಿದ ಹಲಗೆಯ ಮೇಲೆಯೇ ಹಾರುತ್ತಿದ್ದ.

ಸೀಳು ಶುರುವಾದದ್ದು ಬೆಸುಗೆಯ ಅಂಚಿನಲ್ಲಿ. ಬೈಕಂಪಾಡಿಯಲ್ಲಿ ಆರ್ಗಾನ್ ವೆಲ್ಡಿಂಗ್ ಮಾಡುವ ಹಳೆಯ ಪರಿಚಯದವರಿಗೆ ತೋರಿಸಿದೆ. ಅವರು ಬೆರಳಾಡಿಸಿ, "ಇದನ್ನು ಪುನಃ ಬೆಸೆದು ಕೊಡಬಹುದು ಮಾರಾಯ್ರೆ, ಆದರೆ ಪಕ್ಕದಲ್ಲಿ ಮತ್ತೆ ಒಡೆಯುತ್ತದೆ. ಬೆಸುಗೆ ಹಾಕಿದ ಮೇಲೆ ಇದನ್ನು ಒಲೆಗೇ ಇಟ್ಟಿಲ್ಲ" ಎಂದರು.

ಆ ಒಲೆಯ ಮಾತನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಒಳ್ಳೆಯ ಡೆಕ್‌ಗೆ ಬಳಸುವುದು 6061 ಎಂಬ ಅಲ್ಯುಮಿನಿಯಂ. ಅದಕ್ಕೆ ಚಿಟಿಕೆ ಮೆಗ್ನೀಸಿಯಮ್, ಚಿಟಿಕೆ ಸಿಲಿಕಾನ್ ಬೆರೆಸಿರುತ್ತಾರೆ. ಕಮ್ಮಾರ ಕತ್ತಿಗೆ ಹದ ಹಾಕುವಂತೆ ಇದಕ್ಕೂ ಹದ ಬೇಕು. ಕತ್ತಿ ನೀರಿಗಿಳಿದ ಕ್ಷಣವೇ ಗಟ್ಟಿಯಾಗುತ್ತದೆ. ಅಲ್ಯುಮಿನಿಯಂ ಹಾಗಲ್ಲ. 530 ಡಿಗ್ರಿಯಲ್ಲಿ ಕಾಯಿಸಿ ನೀರಿಗೆ ಅದ್ದಿದರೆ ಮೆತ್ತಗೇ ಹೊರಬರುತ್ತದೆ. ಆಮೇಲೆ 160–175 ಡಿಗ್ರಿಯ ಒಲೆಯಲ್ಲಿ ಎಂಟು ಗಂಟೆ, ಕೆಲವೊಮ್ಮೆ ಇನ್ನೂ ಹೆಚ್ಚು ಹೊತ್ತು ಇಟ್ಟಾಗ ನಿಧಾನಕ್ಕೆ ಬಲ ಬರುತ್ತದೆ. ಟಿ6 ಎನ್ನುವುದು ಈ ಹದಕ್ಕೆ. ಹದಗೊಂಡ ಲೋಹಕ್ಕೆ ಮತ್ತೆ ಬೆಸುಗೆಯ ಶಾಖ ತಾಗಿದರೆ ಆ ಜಾಗದ ಹದ ಕೆಟ್ಟು, ಬಲ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ಆದ್ದರಿಂದ ತಿಳಿದ ತಯಾರಕರು ಮೊದಲು ಬೆಸೆದು, ಆಮೇಲೆ ಇಡೀ ಡೆಕ್ಕನ್ನೇ ಹದಕ್ಕೆ ಇಡುತ್ತಾರೆ. ಅದಕ್ಕೆ ದೊಡ್ಡ ಒಲೆ, ಕರೆಂಟು, ಒಂದಿಡೀ ದಿನ ಬೇಕು. ಕಾಯಿಸಿದಾಗ ಸೊಟ್ಟಗಾದದ್ದನ್ನು ನೆಟ್ಟಗೆ ಮಾಡುವ ಕೂಲಿ ಬೇರೆ. ಉಳಿತಾಯಕ್ಕೆ ಕೈಹಾಕಿದವನಿಗೆ ಮೊದಲು ಸಿಗುವುದೇ ಇದು. ಬಿಟ್ಟರೆ ಹೊರಗೆ ಏನೂ ಕಾಣುವುದಿಲ್ಲ.

ಹಳೆಯ ಶಿಷ್ಯನ ಲ್ಯಾಬಿನಲ್ಲಿ ಗಡಸು ಅಳೆದೆವು. ಹದಗೊಂಡ 6061ರಲ್ಲಿ ಬ್ರಿನೆಲ್ 95ರ ಆಸುಪಾಸು ಬರಬೇಕು. ನಮ್ಮ ಡೆಕ್ಕಿನ ಬಾಲದಲ್ಲಿ ಬಂದದ್ದು 62. ಕಿಟಕಿ ಚೌಕಟ್ಟಿಗೆ ಹೊಡೆಯುವ 6063ರಲ್ಲಿ ಸಾಮಾನ್ಯವಾಗಿ ಬರುವ ಸಂಖ್ಯೆ ಅದು. ಬೆಸುಗೆಯ ಪಕ್ಕದಲ್ಲಿ 41. ಡೆಕ್ಕಿನ ಹೊಟ್ಟೆಗೆ ಅಂಟಿಸಿದ ಸ್ಟಿಕರ್ ಮಾತ್ರ ದೊಡ್ಡ ಅಕ್ಷರದಲ್ಲಿ 6061-ಟಿ6 ಎನ್ನುತ್ತಿತ್ತು.

ನಾನೂ ಜುಗ್ಗನೇ ಸ್ವಾಮಿ. ಅಗ್ಗವಾಗಿದೆ ಎಂದು ತಂದದ್ದೂ ನಾನೇ. ಉಳಿತಾಯವೇ ಪಾಪ ಎನ್ನಲಾರೆ. ಹಿಡಿಕೆಯ ರಬ್ಬರ್ ಸಪೂರವಾಗಲಿ, ಬಣ್ಣ ಒಂದು ಕೋಟು ಕಡಿಮೆಯಾಗಲಿ, ನೋಡಿಯೇ ತಕೊಳ್ಳುತ್ತೇವೆ. ಈ ಊರಿನವರು ಬಂಗುಡೆಯ ಕಿವಿರು ಎತ್ತಿ ನೋಡದೆ ದುಡ್ಡು ಬಿಚ್ಚುವವರಲ್ಲ. ಆದರೆ ಲೋಹಕ್ಕೆ ಎತ್ತಿ ನೋಡಲು ಕಿವಿರಿಲ್ಲ. ಇರುವ ಚೂರುಪಾರು ಗುರುತನ್ನೂ ಮೇಲಿನ ಕಪ್ಪು ಗ್ರಿಪ್ ಟೇಪು ಮುಚ್ಚಿಬಿಡುತ್ತದೆ. ಉಕ್ಕಿಗಾದರೆ ಒಂದು ಮಿತಿಯಿದೆ, ಅದರ ಕೆಳಗಿನ ಹೊಡೆತಗಳನ್ನು ಎಷ್ಟು ಸಲವಾದರೂ ತಾಳಿಕೊಳ್ಳುತ್ತದೆ. ಅಲ್ಯುಮಿನಿಯಂಗೆ ಆ ಮಿತಿಯೂ ಇಲ್ಲ, ಸಣ್ಣ ಹೊಡೆತಗಳೂ ಲೆಕ್ಕಕ್ಕೆ ಸೇರುತ್ತಲೇ ಹೋಗುತ್ತವೆ. ದಪ್ಪದಲ್ಲಿ ಉಳಿಸಿದರೂ ಸಣ್ಣ ಉಳಿತಾಯವಲ್ಲ: ತಗಡಿನ ದಪ್ಪ ಅರ್ಧವಾದರೆ ಬಾಗದೆ ನಿಲ್ಲುವ ಬಿಗಿ ಎಂಟನೇ ಒಂದು ಪಾಲಿಗೆ ಇಳಿಯುತ್ತದೆ.

ಇನ್ನು ನಿಮ್ಮ ಪಾಲಿನ ಮಾತು. 2020ರ ಆಟಿಕೆಗಳ ಗುಣಮಟ್ಟ ನಿಯಂತ್ರಣ ಆದೇಶ 2021ರ ಜನವರಿ 1ರಿಂದ ಜಾರಿಗೆ ಬಂತು. ಐಎಸ್ 9873 ಪ್ರಕಾರ ಪರೀಕ್ಷೆಯಾಗದ, ಐಎಸ್‌ಐ ಗುರುತಿಲ್ಲದ ಆಟಿಕೆ ಮಾರುವಂತಿಲ್ಲ. ಒಳ್ಳೆಯ ಕೆಲಸ. ಆದರೆ ಆದೇಶದಲ್ಲಿ ಆಟಿಕೆಯೆಂದರೆ 14 ವರ್ಷದೊಳಗಿನವರದ್ದು. ನಮ್ಮ ಪೆಟ್ಟಿಗೆಯ ಮೂಲೆಯಲ್ಲಿ ಇರುವೆಗಾತ್ರದಲ್ಲಿ '14+' ಎಂದಿತ್ತು, ಗುರುತು ಇರಲಿಲ್ಲ. ಮುಂಬದಿಯ ಚಿತ್ರದಲ್ಲಿ ಹತ್ತು ವರ್ಷದ ಹುಡುಗ ಗಾಳಿಯಲ್ಲಿ ತೇಲುತ್ತಿದ್ದ. ಒಳಗಿನ ಚೀಟಿಯಲ್ಲಿ 'ಜಿಗಿಯಬಾರದು' ಎಂಬ ಸೂಚನೆ! ಅಂಗಡಿಯಲ್ಲಿ ಕೇಳಿದ್ದಕ್ಕೆ, ಇದು ಆಟಿಕೆಯಲ್ಲ, ಸ್ಪೋರ್ಟ್ಸ್ ಸಾಮಾನು ಎಂದರು. ಉಳಿತಾಯದ ಒತ್ತಡವೂ ಇದೆ: ಆಟಿಕೆ ಸ್ಕೂಟರಿನ ಆಮದು ಸುಂಕ 2020ರಲ್ಲಿ ಶೇ 20ರಿಂದ 60ಕ್ಕೆ, 2023ರಲ್ಲಿ 70ಕ್ಕೆ ಏರಿತು. ಬೆಲೆಚೀಟಿ ಏರಬಾರದು ಎಂದರೆ ಉಳಿತಾಯ ಎಲ್ಲಿಂದ ಬರಬೇಕು, ನೀವೇ ಹೇಳಿ.

ಯುರೋಪಿನಲ್ಲಿ ಆಟಿಕೆ ಸ್ಕೂಟರ್ ಬೇರೆ, ಇಂಥ ಸ್ಕೂಟರ್ ಬೇರೆ. ಇಎನ್ 14619 ಎಂಬ ಪ್ರತ್ಯೇಕ ಮಾನಕ 100 ಕೆ.ಜಿ. ತೂಕದವರವರೆಗೆ ಅನ್ವಯಿಸುತ್ತದೆ. ನಮಗೂ ಹಾಗೊಂದು ಬೇಕು, ಕಡ್ಡಾಯವಾಗಿ. ಅದರಲ್ಲಿ ಸಾವಿರಾರು ಸಲ ಬಡಿದು ನೋಡುವ ಪರೀಕ್ಷೆ ಇರಲಿ. ಅದಕ್ಕಿಂತ ಮುಖ್ಯವಾಗಿ ಲೋಹ ಯಾವುದು, ಬೆಸುಗೆಯ ನಂತರ ಹದ ಹಾಕಿದೆಯೋ ಇಲ್ಲವೋ, ಎಷ್ಟು ತೂಕಕ್ಕೆ, ಯಾವ ತಿಂಗಳು ತಯಾರಾದದ್ದು ಎಂಬುದನ್ನು ಡೆಕ್ಕಿನ ಮೇಲೆಯೇ ಕೊರೆದಿರಲಿ. ಸ್ಟಿಕರ್ ಬೇಡ, ನಮ್ಮ ಒಂದು ಮಳೆಗಾಲಕ್ಕೆ ಎದ್ದುಹೋಗುತ್ತದೆ. 1865ರಲ್ಲಿ ಇಲ್ಲೇ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದ ಬಾಸೆಲ್ ಮಿಷನ್ನಿನವರು ಹಸಿ ಮಣ್ಣಿನ ಮೇಲೆಯೇ ಹೆಸರು ಒತ್ತಿ ಸುಡುತ್ತಿದ್ದರು. ಹಳೆಯ ಮನೆ ಕೆಡವುವಾಗ ಇಳಿಸಿದ ಹಂಚುಗಳಲ್ಲಿ ಅದನ್ನು ಈಗಲೂ ಓದಬಹುದು. ಮಣ್ಣಿನ ಹಂಚಿಗೆ ಆದದ್ದು ಅಲ್ಯುಮಿನಿಯಂಗೆ ಆಗದೇ?

ಹುಡುಗನ ಹೊಲಿಗೆ ಬಿಚ್ಚಿಯಾಯಿತು. ಹೊಸ ಡೆಕ್ ಯಾವಾಗ ಅಜ್ಜ, ಎಂದು ದಿನಾ ಕೇಳುತ್ತಾನೆ. ಯಾವುದನ್ನು ನಂಬಿ ತರಲಿ? ಹಳೆಯ ತುಂಡುಗಳನ್ನು ಗುಜರಿಗೆ ಹಾಕಿಲ್ಲ. ನಿಮ್ಮ ಪ್ರಯೋಗಾಲಯಕ್ಕೆ ಬೇಕೆಂದರೆ ನನ್ನ ಖರ್ಚಿನಲ್ಲೇ ಕಳಿಸುತ್ತೇನೆ. ಇಲ್ಲಿಯ ಉಪ್ಪುಗಾಳಿಗೆ ಗೆರೆಗಳು ಅಳಿಸಿಹೋಗಬಾರದೆಂದು ಮುರಿದ ಮುಖಕ್ಕೆ ಮೆಷಿನ್ ಎಣ್ಣೆ ಸವರಿ, ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಇಟ್ಟಿದ್ದೇನೆ.

ಇತಿ,
ಒಬ್ಬ ನಿವೃತ್ತ ವರ್ಕ್‌ಶಾಪ್ ಮೇಷ್ಟ್ರು
ಬಿಜೈ, ಮಂಗಳೂರು